ಕುಣಿಗೊಂದು ಕೊಡ ನೀರು

ನಮ್ಮ ಬೆಟಗೇರಿ ಓಣಿಯಲ್ಲಿ ನಳಕ್ಕೆ ನೀರು ಬಂದ ದಿನವೇ ಹಬ್ಬ. ಆ ತಿಥಿ ಮಾತ್ರ ಯಾವ ಪಂಚಾಂಗದಲ್ಲೂ ಸಿಗುವುದಿಲ್ಲ. ಮುಂಡರಗಿ ತಾಲ್ಲೂಕಿನ ಹಮ್ಮಿಗಿಯಿಂದ ಪೈಪು ಹಿಡಿದು ಹೊರಟ ತುಂಗಭದ್ರೆ ನಮ್ಮ ಬಾಗಿಲು ಮುಟ್ಟುವಷ್ಟರಲ್ಲಿ ಪಾಪ, ಅವಳೂ ದಣಿದಿರುತ್ತಾಳೆ. ಅಂಥ ಒಂದು ಹಬ್ಬದ ದಿನ ನಸುಕಿನಲ್ಲಿ ಹಿತ್ತಲ ಗೋಡೆಯಾಚೆಯಿಂದ ಅಕ್ಕಾರ ದನಿ ಬಂತು.

“ಮಾಸ್ತರ, ಏಳ್ರೀ, ನೀರು ಬಿಟ್ಟಾರ. ಅಂದಂಗ, ನಾವು ಫ್ರಿಜ್ ತಗೊಂಡ್ವಿ. ಇವತ್ತ ಬರ್ತೈತಿ.”

ನಮ್ಮ ಎರಡು ಮನೆಗಳ ನಡುವಿನ ಗೋಡೆ ಎದೆಮಟ್ಟದ್ದು. ಮೊಣಕೈ ಊರಿ ಊರಿ ಅದರ ನೆತ್ತಿಯ ಗಾರೆ ಎರಡು ಕಡೆ ಬೋಳಾಗಿದೆ. ಒಂದು ಅಕ್ಕಾರದು, ಒಂದು ನನ್ನದು. ಕರಿಬೇವು, ಹೆಪ್ಪು, ಪೇಪರು, ಬೀಗರ ಸುದ್ದಿ ಎಲ್ಲ ಇದರ ಮೇಲಿಂದಲೇ ದಾಟುತ್ತವೆ. ಗೃಹಲಕ್ಷ್ಮಿಯ 2,000 ರೂಪಾಯಿಗಳನ್ನು ಮುಟ್ಟದೇ ಕೂಡಿಟ್ಟು, ಕಡಿಮೆ ಬಿದ್ದದ್ದಕ್ಕೆ ಶೇಂಗಾ ಮಾರಿದ ದುಡ್ಡು ಹಾಕಿ ಫ್ರಿಜ್ ತಂದ ಸಂಗತಿಯೂ ಹೀಗೇ ದಾಟಿ ಬಂತು. ಬೆನ್ನಿಗೇ ಚಿಂತೆಯೂ ಬಂತು.

“ಇದನ್ನ ಹಚ್ಚಿದ್ರ ಪುಕ್ಕಟೆ ಕರೆಂಟ್ ಹೋಗೂದಿಲ್ಲಲ್ರೀ? 200 ಯುನಿಟ್ ತನಕಾ ಫ್ರೀ ಅಂತಾರ.”

“ಇಲ್ಲೇ ಎಲ್ಲಾರೂ ಎಡವೂದು, ಅಕ್ಕಾರ. 200 ಅನ್ನೂದು ಮ್ಯಾಲಿನ ಗೆರಿ. ನಿಮ್ಮ ಪಾಲು ಬ್ಯಾರೆ. 2022-23ರಾಗ ತಿಂಗಳಿಗೆ ಸರಾಸರಿ ಎಷ್ಟು ಸುಟ್ಟೀರಿ, ಅದರ ಮ್ಯಾಲೆ ನೂರಕ್ಕ 10. ಸರಾಸರಿ 48ಕ್ಕಿಂತ ಕಡಿಮಿ ಇದ್ದವ್ರಿಗೆ 2024ರಾಗ ಅದನ್ನ 10 ಯುನಿಟ್ ಅಂತ ಮಾಡಿದ್ರು.”

ಹಳೆ ಬಿಲ್ಲು ತಂದರು. ಸರಾಸರಿ 36. ಅಂದರೆ ಪುಕ್ಕಟೆ ಪಾಲು 46. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ನಕ್ಷತ್ರದ ಚೀಟಿಯಲ್ಲಿ ವರ್ಷಕ್ಕೆ 180 ಯುನಿಟ್ ಅಂತಿದ್ದರೆ ತಿಂಗಳಿಗೆ 15 ಆಯಿತು. 36ಕ್ಕೆ 15 ಕೂಡಿಸಿದರೆ 51. ಹೆಚ್ಚಿನ 5 ಯುನಿಟ್ಟಿಗೆ ದುಡ್ಡು ಕಟ್ಟಬೇಕು. ನಮ್ಮ ಬ್ಯಾಸಿಗೆಯ ಝಳ ಆ ಚೀಟಿಗೆ ಗೊತ್ತಿರುವುದಿಲ್ಲ, ಇನ್ನಷ್ಟು ಏರಬಹುದು. “ಐದ ಯುನಿಟ್ ಹೌದಲ್ರೀ, ಎರಡು ಪ್ಲೇಟು ಮಿರ್ಚಿ ತಿಂದಂಗ ಆತು” ಎಂದು ಅಕ್ಕಾರು ಹಗುರಾದರು. ಗದಗಿನಲ್ಲಿ ಲೆಕ್ಕವೆಲ್ಲ ಕಡೆಗೆ ಬಂದು ಮುಟ್ಟುವುದು ಮಿರ್ಚಿ ಭಜಿಗೇ.

ಹನ್ನೊಂದಕ್ಕೆ ಫ್ರಿಜ್ ಬಂತು. ಟಂಟಂನಲ್ಲಿ ಅಂಗಾತ ಮಲಗಿಸಿಕೊಂಡು, ಮೇಲೆ ಒಬ್ಬ ಹುಡುಗ ಕೂತು. ಇಳಿಸಿದ್ದೇ ತಡ ಅಕ್ಕಾರ ಯಜಮಾನರು ಪ್ಲಗ್ ಹಿಡಿದು ಗೋಡೆ ಹುಡುಕತೊಡಗಿದರು. ನಾನು ಗೋಡೆ ಮೇಲಿಂದಲೇ ಕೂಗಿದೆ: “ಕಾಕಾರ, ತಡೀರಿ! ನಾಕು ತಾಸು ನಿಂದರ್ಲಿ. ಮಲಗಿಸಿ ತಂದಾರ, ಕಂಪ್ರೆಸರಿನ ಎಣ್ಣಿ ಪೈಪಿನಾಗ ಹರದಿರ್ತೈತಿ. ಅದು ಕೆಳಗ ಇಳೀಬೇಕು.”

“ಆತ ಬಿಡ್ರಿ, ಅಷ್ಟರಾಗ ಪೂಜಿ ಮುಗಸ್ತೀವಿ” ಎಂದರು ಅಕ್ಕಾರು. ವಿಭೂತಿ, ಕುಂಕುಮ, ಕಾಯಿ, ನಾಕೂ ಕಾಲಿಗೆ ಲಿಂಬಿಹಣ್ಣು. ಅದು ಗಾಡಿಯಲ್ಲ, ಮುಂದೆ ಹೋಗುವುದಿಲ್ಲ ಎಂದೆ. “ಹೋಗದಂಗ ಇರ್ಲಿ ಅಂತನ ಹಾಕೂದ್ರೀ” ಎಂದರು. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಮುಂದಿನ ಜಗಳ ಜಾಗದ್ದು. ಪಡಸಾಲೆಯ ಮೂಲೆಯಲ್ಲಿ, ತಿಜೂರಿಗೂ ಗೋಡೆಗೂ ನಡುವೆ ಫ್ರಿಜ್ಜನ್ನು ಜಡಿದು ಕೂರಿಸಿದ್ದರು. ಬೆನ್ನಿನ ಕಡೆ ಒಂದು ರೊಟ್ಟಿಯೂ ನುಸುಳದ ಹಾಗೆ. ಲಕ್ಷ್ಮೇಶ್ವರದ ನಮ್ಮ ತಂಗಿ ಇದಕ್ಕೂ ಮುಂದೆ ಹೋಗಿ, ಅಡಿಗೆ ಮನೆಯಲ್ಲಿ ಒಲೆಗೆ ಮೊಳದ ದೂರದಲ್ಲಿ ಇಟ್ಟಿದ್ದಳು. ಹಾಲು ಕೆಟ್ಟಿತೆಂದು ಎರಡು ಸಲ ಗೌಳಿಗನನ್ನು ಬೈದಳು. ತಪ್ಪು ಎಮ್ಮೆಯದೂ ಅಲ್ಲ, ಗೌಳಿಗನದೂ ಅಲ್ಲ.

“ಅಕ್ಕಾರ, ಹರವಿ ನೀರು ಹೆಂಗ ತಂಪಾಗ್ತೈತಿ ಹೇಳ್ರಿ.”

“ಜಿನುಗಿ ಆರ್ತೈತಲ್ರೀ, ಅದಕ್ಕ.”

“ಹಾಂ. ಆರೂ ಮುಂದ ನೀರು ಹರವಿಯ ಕಾವು ಹೊತಗೊಂಡು ಹೋಗ್ತೈತಿ. ಫ್ರಿಜ್ಜಿನೊಳಗೂ ಅದ. ಪೈಪಿನಾಗ ಗ್ಯಾಸು ಆರಿ ಒಳಗಿನ ಕಾವು ಎತ್ತಿಕೊಂತೈತಿ, ಹೊರಗ ಬಂದು ಬೆನ್ನಿಂದ ಚೆಲ್ತೈತಿ. ಇದು ತಂಪು ಮಾಡೂ ಪೆಟಗಿ ಅಲ್ಲ, ಕಾವು ಹೊರಗ ಹಾಕೂ ಪೆಟಗಿ. ಬೆನ್ನು ಮುಚ್ಚಿದ್ರ ಎಲ್ಲಿ ಹಾಕಬೇಕು ಅದು?”

ಅಕ್ಕಾರು ಅಂಗೈ ಅಡ್ಡ ಹಿಡಿದು ಅಳತೆ ಮಾಡಿದರು. ಹಿಂದೆ ನಾಕು ಬೆರಳಲ್ಲ, ನಾಕು ಇಂಚು, ಬದಿಗೆ ಎರಡಾದರೂ. ಮೇಲೆ ಹಾಸಲು ಹೆಣೆದಿಟ್ಟಿದ್ದ ಕ್ರೋಶಾದ ವಸ್ತ್ರ ಮಾತ್ರ ಬಿಡಲಾರೆ ಎಂದರು. ಇರಲಿ, ಬೆನ್ನಿನ ಮೇಲೆ ಜೋತು ಬೀಳದಿದ್ದರೆ ಸಾಕು. ಮುಂದಿನ ಕಾಲು ಒಂದು ಕೂದಲು ಎತ್ತರ ಮಾಡಿದೆವು, ಬಾಗಿಲು ತಾನೇ ಮುಚ್ಚಿಕೊಳ್ಳಲಿ ಎಂದು.

ಇಲ್ಲಿ ನಾನು ಸ್ವಲ್ಪ ಪಾಂಡಿತ್ಯ ತೋರಿಸಲು ಹೋದೆ. ಹಿಂದಿನ ಕಾಲದ ಫ್ರಿಜ್ಜುಗಳ ಗ್ಯಾಸು ವಿಷವಾಗಿತ್ತು. ಬರ್ಲಿನ್ನಿನಲ್ಲಿ ಒಂದು ಸಂಸಾರ ಅದು ಸೋರಿ ಸತ್ತ ಸುದ್ದಿ ಓದಿ ಐನ್‌ಸ್ಟೈನ್ ಮತ್ತು ಸಿಲಾರ್ಡ್ ಸೇರಿ ತಿರುಗುವ ಭಾಗಗಳೇ ಇಲ್ಲದ ಫ್ರಿಜ್ ಕಟ್ಟಲು ಹೊರಟರು, 1930ರಲ್ಲಿ ಅಮೆರಿಕದ ಪೇಟೆಂಟೂ ಸಿಕ್ಕಿತು ಎಂದೆ.

“ಬರ್ತಾನೇನ್ರೀ ಅಂವ, ನಮ್ಮನಿ ವಾಯರ್ ನೋಡಾಕ?” ಎಂದರು ಅಕ್ಕಾರು.

ಅಂವ ಬರಲಿಲ್ಲ. ಮುಂಡರಗಿ ಕಡೆಯ ವಾಯರಿಂಗ್ ಹುಡುಗ ಬಂದ. ಇಡೀ ದಿನದ ತಿರುಳು ಇದ್ದದ್ದು ಅವನ ಜೋಳಿಗೆಯಲ್ಲೇ. ಮೊದಲು ಪ್ಲಗ್ ತೋರಿಸಿದ. “ಮೂರು ಪಿನ್ನಿನಾಗ ಮ್ಯಾಲಿಂದು ದಪ್ಪ, ಉದ್ದ ಯಾಕೈತಿ? ಮೊದಲ ಇದ ಮುಟ್ಟಬೇಕು, ಕಡೀಕ ಬಿಡಬೇಕು. ಮಂದಿ ಇದನ್ನ ಮುರದು ಎರಡು ತೂತಿಗೆ ತುರಕ್ತಾರ್ರೀ.” ನಾನು ಗೋಡೆಯ ಕಡೆ ನೋಡಿದೆ. ಹದಿನೆಂಟು ವರ್ಷದ ಹಿಂದೆ ಹಾಗೆ ಮುರಿದ ಮಂದಿಯಲ್ಲಿ ನಾನೂ ಒಬ್ಬ. ಪರಸಿ ಒರೆಸಿದ ಹಸಿ ನೆಲ, ಬರಿಗಾಲು, ಹಿಡಿಕೆ ಮುಟ್ಟಿದರೆ ಜುಮ್ ಅನ್ನುವುದು. ನಮ್ಮ ಮನೆಯವಳು ಎಷ್ಟೋ ದಿನ ಸೆರಗು ಸುತ್ತಿಕೊಂಡು ಬಾಗಿಲು ತೆಗೆದಳು. ನಾವದನ್ನು ಫ್ರಿಜ್ಜಿನ ಸ್ವಭಾವ ಅಂದುಕೊಂಡಿದ್ದೆವು.

ಹುಡುಗ ಹೋಲ್ಡರಿಗೆ ಒಂದು 100 ವ್ಯಾಟಿನ ಹಳೆ ಬಲ್ಬು ಹಾಕಿ, ಅದರ ಎರಡು ವಾಯರುಗಳಲ್ಲಿ ಒಂದನ್ನು ಫೇಸಿಗೂ ಇನ್ನೊಂದನ್ನು ಅರ್ಥಿಂಗಿಗೂ ಕೊಟ್ಟ. ಅರ್ಥಿಂಗ್ ಸರಿ ಇದ್ದರೆ ಬಲ್ಬು ಝಗ್ ಅನ್ನಬೇಕು. ಅಕ್ಕಾರ ಬಲ್ಬಿನೊಳಗೆ ಒಂದು ಕೆಂಪು ಎಳೆ ಮಾತ್ರ ಕಂಡಿತು, ಆರುವ ಊದಿನಕಡ್ಡಿಯ ಹಾಗೆ.

“ಕುಣಿ ಎಲ್ಲೈತ್ರೀ?”

ಹಿತ್ತಲಲ್ಲಿ, ಬಚ್ಚಲ ಪಕ್ಕದ ಮೂಲೆಯಲ್ಲಿ ಇತ್ತು. ಮನೆ ಕಟ್ಟುವಾಗ ಇದ್ದಿಲು, ಉಪ್ಪು ತುಂಬಿ ಪೈಪು ಹುಗಿದದ್ದು. ಆಮೇಲೆ ಯಾರೂ ಆ ಕಡೆ ನೋಡಿರಲಿಲ್ಲ. ನಮ್ಮದು ಎರೆ ಭೂಮಿ. ಮಳೆಗಾಲದಲ್ಲಿ ಮೈತುಂಬ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರಿಯುತ್ತದೆ. ಪೈಪಿನ ಸುತ್ತ ಮಣ್ಣು ಬಿಟ್ಟುಕೊಂಡು ಎರಡು ಬೆರಳಿನ ಸಂದಿ ಬಿದ್ದಿತ್ತು. ಒಣ ಮಣ್ಣಿನೊಳಗೆ ಕರೆಂಟು ಇಳಿಯುವುದಿಲ್ಲ. ಇಳಿಯಲು ದಾರಿ ಸಿಗದಿದ್ದರೆ ನಮ್ಮ ಕಾಲಿನ ದಾರಿ ಹುಡುಕುತ್ತದೆ.

“ಎರಡು ಕೊಡ ನೀರು ತರ್ರಿ” ಎಂದ ಹುಡುಗ.

ಅಕ್ಕಾರ ಮುಖ ನೋಡಬೇಕಿತ್ತು. ಒಂದು ವಾರ ಕಾದು ತುಂಬಿಸಿದ ನೀರು, ಅದೂ ಮಣ್ಣಿಗೆ! ತುಳಸಿಗೆ ಹಾಕುವಾಗಲೂ ತಂಬಿಗೆ ಅರ್ಧಕ್ಕೇ ನಿಲ್ಲಿಸುವವರು. ಕಡೆಗೆ ಅರಿವಿ ಒಗೆದ ನೀರು ನಡೆಯುತ್ತದೋ ಎಂದು ಕೇಳಿದರು. ನಡೆಯುತ್ತದೆ ಎಂದ. ಮೊದಲ ಕೊಡಕ್ಕೆ ಭೂಮಿ ಗಟಗಟ ಕುಡಿದು ಗುಳ್ಳೆ ಬಿಟ್ಟಿತು. ಎರಡನೆಯದಕ್ಕೆ ಒಂದು ಹಿಡಿ ಹರಳುಪ್ಪೂ ಬಿತ್ತು. ಒಂದು ಸುತ್ತು ಚಾ ಆಗುವಷ್ಟರಲ್ಲಿ ಹುಡುಗ ಮತ್ತೆ ಬಲ್ಬು ಹಿಡಿದ. ಎಳೆ ಕೆಂಪಿನಿಂದ ಹಳದಿಗೆ, ಹಳದಿಯಿಂದ ಬೆಳ್ಳಗೆ ತಿರುಗಿತ್ತು. ಕಾಕಾರು ಚಪ್ಪಾಳೆ ತಟ್ಟಿದರು.

“ಬರೇ ಕುಣಿ ನೆಚ್ಚಬ್ಯಾಡ್ರಿ. ಮೀಟರಿನ ಬಾಜೂಕ ಒಂದು ಆರ್‌ಸಿಸಿಬಿ ಹಾಕಸ್ರಿ, 30 ಮಿಲಿ ಆಂಪಿಂದು. ಕರೆಂಟು ದಾರಿ ತಪ್ಪಿದ್ರ ಕಣ್ಣು ಪಿಳುಕಿಸೂದ್ರಾಗ ಬಂದ್ ಮಾಡ್ತೈತಿ.” ಫ್ರಿಜ್ಜಿಗೆ ಅದರದೇ ಬೋರ್ಡು; ಎಕ್ಸ್‌ಟೆನ್ಷನ್ನಿಗೆ ಮಿಕ್ಸರು, ಫ್ರಿಜ್ಜು, ಟೀವಿ ಮೂರನ್ನೂ ಜೋತು ಹಾಕುವುದು ಬೇಡ. ವೋಲ್ಟೇಜ್ ಕುಣಿಯುವ ಓಣಿಯಾದ್ದರಿಂದ ಒಂದು ಸ್ಟೆಬಿಲೈಸರು; ಕರೆಂಟು ಹೋಗಿ ಬಂದಾಗ ಅದು ಮೂರ್ನಾಲ್ಕು ನಿಮಿಷ ತಡೆದು ಬಿಡುತ್ತದೆ, ಕಂಪ್ರೆಸರಿಗೆ ಉಸಿರು ತಿರುಗಲಿ ಎಂದು.

ಆ ರಾತ್ರಿಯಿಂದ ಗೋಡೆಯ ಮೇಲೆ ಸಣ್ಣಪುಟ್ಟ ಪ್ರಶ್ನೆಗಳ ಸಂತೆ. ಒಳಗಿನ ಬಿರಡೆಯಲ್ಲಿ 1 ಇಡಬೇಕೋ 7 ಇಡಬೇಕೋ? ಅಂಕಿ ದೊಡ್ಡದಾದಷ್ಟೂ ತಂಪು ಹೆಚ್ಚು, ಅದು ಡಿಗ್ರಿ ಅಲ್ಲ; ಒಳಗೆ 4 ಡಿಗ್ರಿ ಆಸುಪಾಸು ಇದ್ದರೆ ಸಾಕು. ಕರೆಂಟು ಹೋದರೆ? ಬಾಗಿಲು ತೆಗೆದು ಇಣುಕದಿದ್ದರೆ ನಾಕು ತಾಸು ತಡೆಯುತ್ತದೆ. ಇಣುಕುವ ಚಟ ಕಾಕಾರದು. ಬಿಸಿ ಸಾರು ಹಾಗೇ ಇಡಬಹುದೇ? ಹೊಗೆ ಹೋಗಲಿ, ಆದರೆ ಎರಡು ತಾಸಿನೊಳಗೆ ಇಡಿ. ಉಳ್ಳಾಗಡ್ಡಿ? ನಮ್ಮ ಜಿಲ್ಲೆಯಲ್ಲಿ ಹುಟ್ಟಿ ಅದನ್ನು ಕೇಳಬಾರದು. ಗಾಳಿಗೆ ಬಿಡಿ, ಫ್ರಿಜ್ಜಿನ ಪಸೆಗೆ ಮೊಳಕೆ ಒಡೆಯುತ್ತದೆ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿಯನ್ನು ಒಳಗಿಟ್ಟದ್ದು ನೋಡಿ ನನಗೇ ಅವಮಾನವಾಯಿತು. ಫ್ರಿಜ್ಜಿನ ಹಂಗಿಲ್ಲದೆ ಬಾಳಲಿ ಎಂದು ಅಜ್ಜಿಯರು ಒಣಗಿಸಿ, ಹುರಿದು, ಕುಟ್ಟಿ ಇಟ್ಟ ಪದಾರ್ಥಗಳವು. ರೊಟ್ಟಿ ಒಳಗೆ ಮೆತ್ತಗಾಗಿ ಅಳುತ್ತಿತ್ತು.

ಮೇಲಿನ ಬರ್ಫಿನ ಗೂಡಿನ ವಿಷಯದಲ್ಲಿ ಮಾತ್ರ ನಾನು ದನಿ ಏರಿಸಿ ಹೇಳಿದೆ. ನಮ್ಮ ಮೊದಲ ಫ್ರಿಜ್ ಸತ್ತದ್ದು ನನ್ನ ಕೈಯಿಂದಲೇ. ಬರ್ಫು ಗಟ್ಟಿಯಾಗಿ ಹಾಲಿನ ಪಾಕೀಟು ಸಿಕ್ಕಿಕೊಂಡಿತ್ತು, ಸ್ಕ್ರೂಡ್ರೈವರಿನಿಂದ ಮೀಟಿದೆ, ಸುಸ್ ಎಂದಿತು. ಆಗಿನದು ಉರಿಯದ ಗ್ಯಾಸು. ಈಗಿನ ಮನೆ ಫ್ರಿಜ್ಜುಗಳಲ್ಲಿ ಹೆಚ್ಚಿನವಕ್ಕೆ ಐಸೋಬ್ಯೂಟೇನ್, ನಮ್ಮ ಸಿಲಿಂಡರ್ ಗ್ಯಾಸಿನ ದಾಯಾದಿ. ಇರುವುದು ಗ್ರಾಂ ಲೆಕ್ಕದಲ್ಲೇ, ಆದರೂ ಉರಿಯುವ ಜಾತಿ. ಗುಂಡಿ ಒತ್ತಿ, ಬರ್ಫು ತಾನೇ ಕರಗಲಿ.

“ಹಂಗಂದ್ರ ಆ ಸತ್ತ ಫ್ರಿಜ್ ಏನ್ ಮಾಡಿದ್ರಿ?”

ಶಿರಹಟ್ಟಿಯ ಬೀಗರು ಒಯ್ದು ಅರಿವಿ ಇಡುವ ಕಪಾಟು ಮಾಡಿಕೊಂಡಿದ್ದರು. ನಮ್ಮ ಕಡೆ ಯಾವ ವಸ್ತುವೂ ಪೂರ್ತಿ ಸಾಯುವುದಿಲ್ಲ. ಒಂದು ಸಲ ಹೋದಾಗ ಮೊಮ್ಮಗ ಕಣ್ಣಾಮುಚ್ಚಾಲೆ ಆಡುತ್ತ ಅದರ ಬಾಗಿಲು ತೆಗೆದು ಒಂದು ಕಾಲು ಒಳಗಿಟ್ಟಿದ್ದ. ಚಿಲಕದ ಫ್ರಿಜ್ಜಿನ ಕಾಲದಲ್ಲಿ ಅಮೆರಿಕದಲ್ಲಿ ಹೀಗೆ ಒಳಗೆ ಹೊಕ್ಕ ಕೂಸುಗಳು ಉಸಿರುಗಟ್ಟಿ ಸತ್ತು, 1956ರಲ್ಲಿ ಒಳಗಿನಿಂದಲೂ ತೆಗೆಯಲು ಬರುವ ಬಾಗಿಲೇ ಇರಬೇಕೆಂದು ಕಾನೂನು ಮಾಡಿದರು. ಈಗ ಅಯಸ್ಕಾಂತದ ಪಟ್ಟಿ, ದೂಡಿದರೆ ತೆರೆಯುತ್ತದೆ; ಆದರೂ ಹೆದರಿದ ಕೂಸಿಗೆ ದೂಡುವ ಬಲ ಇರಬೇಕಲ್ಲ. ಊಟಕ್ಕೂ ಕೂಡದೆ ಬಾಗಿಲಿನ ಬಿಜಾಗರಿ ಕಳಚಿಸಿಯೇ ಬಂದೆ. ಬೀಗರು ಸಿಟ್ಟಾದರು, ಈಗ ಅದಕ್ಕೊಂದು ಪರದೆ ಕಟ್ಟಿದ್ದಾರೆ.

ಮೊನ್ನೆ ಮತ್ತೆ ನೀರು ಬಂತು. ಗೋಡೆ ಮೇಲಿಂದ ನೋಡಿದರೆ, ಅಕ್ಕಾರು ತುಳಸಿಗೆ ಅರ್ಧ ತಂಬಿಗೆ ಹಾಕಿ, ಕುಣಿಗೆ ಒಂದು ತುಂಬಿದ ಕೊಡ ಬಗ್ಗಿಸುತ್ತಿದ್ದರು. ಪಕ್ಕದಲ್ಲಿ ಎರಡು ಊದಿನಕಡ್ಡಿಯೂ ಇದ್ದವು.

“ನಿಮ್ಮ ಕುಣಿಗೆ ಹಾಕಿದ್ರ್ಯಾ ಮಾಸ್ತರ?”

“ಹಾಕಬೇಕ್ರೀ.”

“ಎಲ್ಲೈತ್ರೀ ನಿಮ್ಮದು? ಇಷ್ಟು ವರ್ಷದಾಗ ನಾ ನೋಡೇ ಇಲ್ಲ.”

ನಾನು ಕಾಲ ಕೆಳಗೆ ನೋಡಿದೆ. ಮಗನ ಮದುವೆಗೆಂದು ಹಿತ್ತಲಿನ ತುಂಬ ಹಾಸಿಸಿದ ಪರಸಿ. ಕುಣಿ ಅದರ ಕೆಳಗೆ ಎಲ್ಲೋ ಇದೆ. ಯಾವ ಕಲ್ಲಿನ ಕೆಳಗೆ ಎಂಬುದು ಆ ಗೌಂಡಿಗೆ ಮಾತ್ರ ಗೊತ್ತು. ಹಗ್ಗ ಹಿಡಿದು ಅಳೆಯುತ್ತ, ಸಬ್ಬಲ್ಲಿನಿಂದ ಒಂದೊಂದೇ ಕಲ್ಲು ಕುಟ್ಟಿ ಸದ್ದು ಕೇಳುತ್ತ ಇದ್ದೇನೆ. ಅಕ್ಕಾರು ಗೋಡೆಗೆ ಮೊಣಕೈ ಊರಿಕೊಂಡು, “ಇನ್ನೊಂದ್ ಚೂರು ಬಲಕ್ಕ ನೋಡ್ರಿ” ಅನ್ನುತ್ತಿದ್ದಾರೆ.