ನೀಲಿ ಮಾತ್ರೆಯ ಅಚ್ಚಿನ ಒಡೆಯರಿಗೆ

ಮಾನ್ಯರೇ,

ನಿಮ್ಮ ಹೆಸರು, ವಿಳಾಸ ಗೊತ್ತಿಲ್ಲ. ಗೊತ್ತಿರುವವರು ಬಾಯಿ ಬಿಡುವುದಿಲ್ಲ. ಹಾಗಾಗಿ ನಾಲ್ಕು ಜನರ ಮುಂದೆಯೇ ಬರೆಯುತ್ತಿದ್ದೇನೆ. ಅಮೆರಿಕದ ಕಾಂಗ್ರೆಸ್ಸಿನಲ್ಲಿ ನಿಮ್ಮ ಕಸುಬಿನ ಮೇಲೆ ಮಸೂದೆ ಮಂಡಿಸಿದ್ದಾರೆಂದು ಓದಿದೆ. ನೀವು ಗಾಬರಿಪಟ್ಟು ಕೈ ನಡುಗಿಸಿಕೊಂಡೀರಿ ಎಂಬ ಕಾಳಜಿ, ಅಷ್ಟೆ.

ಮೊದಲು ನಿಮ್ಮ ಕುಸುರಿಗೆ ಶಹಬ್ಬಾಸ್. ಆಕ್ಸಿಕೊಡೋನ್ ಎಂಬ ನೋವಿನ ಮಾತ್ರೆಯನ್ನು ಎಷ್ಟು ಚೆಂದ ನಕಲು ಮಾಡುತ್ತೀರಿ! ಅದೇ ತಿಳಿ ನೀಲಿ, ಒಂದು ಮಗ್ಗುಲಲ್ಲಿ ಚೌಕದೊಳಗೆ ‘ಎಂ’, ಇನ್ನೊಂದರಲ್ಲಿ ಗೀಟಿನ ಮೇಲೆ ‘30’. ಹೊರಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಒಳಗೆ ಮಾತ್ರ ಫೆಂಟನಿಲ್. ಅದರ 2 ಮಿಲಿಗ್ರಾಂ ಸಾವಿಗೆ ಸಾಕಾಗಬಹುದು ಎನ್ನುತ್ತದೆ ಅಲ್ಲಿನ ಮಾದಕವಸ್ತು ನಿಗ್ರಹ ಸಂಸ್ಥೆ ಡಿಇಎ. ನಮ್ಮ ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಗುಲಗಂಜಿ ಸುಮಾರು 120 ಮಿಲಿಗ್ರಾಂ. ಅಂದರೆ ಒಂದು ಗುಲಗಂಜಿ ತೂಕಕ್ಕೆ 60 ಹೆಣ. ಅಕ್ಕಸಾಲಿಗನಾದರೂ ಕಣ್ಣು ಕಿರಿದು ಮಾಡಿಕೊಂಡು ತೂಗುತ್ತಿದ್ದ. ನೀವು ಅಚ್ಚಿಗೆ ಕೊಟ್ಟ ಗಮನದಲ್ಲಿ ಕಾಲು ಭಾಗವನ್ನೂ ತಕ್ಕಡಿಗೆ ಕೊಡಲಿಲ್ಲ. ಕೇಸರಿಬಾತಿನ ಗೋಡಂಬಿಯ ಹಾಗೆ ಒಬ್ಬನ ಪಾಲಿಗೆ ಮೂರು, ಇನ್ನೊಬ್ಬನಿಗೆ ಒಂದೂ ಇಲ್ಲ.

ಡಿಇಎ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಫೆಂಟನಿಲ್ ಬೆರೆತ ನಕಲಿ ಮಾತ್ರೆಗಳಲ್ಲಿ ಪ್ರಾಣ ತೆಗೆಯುವಷ್ಟು ವಿಷವಿದ್ದದ್ದು 2023ರಲ್ಲಿ ಹತ್ತಕ್ಕೆ ಏಳರಲ್ಲಿ, 2024ರಲ್ಲಿ ಹತ್ತಕ್ಕೆ ಐದರಲ್ಲಿ. ಅಭಿನಂದನೆಗಳು. ಆ ವರ್ಷ ನಾಣ್ಯ ಚಿಮ್ಮಿದಷ್ಟೇ ಅಪಾಯ. 2023 ಒಂದೇ ವರ್ಷದಲ್ಲಿ ಅವರು ಹಿಡಿದ ನಿಮ್ಮ ಸರಕು ಸುಮಾರು 8 ಕೋಟಿ ಮಾತ್ರೆ. ಹಿಡಿದದ್ದು ಅಷ್ಟು. ಸಿಗದೆ ದಾಟಿದ್ದರ ಲೆಕ್ಕ ನಿಮ್ಮ ಚೋಪಡಿಯಲ್ಲಿದ್ದೀತು.

ಇನ್ನು ಮಸೂದೆ. ಅಮೆರಿಕನ್ನರಿಗೆ ಹೆಸರಿನ ಮೊದಲಕ್ಷರ ಹೆಣೆದು ಪದ ಕಟ್ಟುವ ಚಪಲ. ಇದನ್ನು ‘ಕಾಸ್ಟ್’ ಎಂದು ಕರೆದಿದ್ದಾರೆ, ಎರಕ ಹೊಯ್ಯುವುದು ಎಂಬರ್ಥದಲ್ಲಿ. (ನಮ್ಮ ಕಿವಿಗೆ ಜಾತಿಯೋ ಬೆಲೆಯೋ ಎಂದು ಕೇಳಿಸಿದರೆ ಅದು ನಮ್ಮ ಕರ್ಮ.) ನಕಲಿ ಮಾದಕ ಮಾತ್ರೆ ಮಾಡುವ ಉದ್ದೇಶದಿಂದ ಅಚ್ಚು ಇಟ್ಟುಕೊಂಡವರಿಗೆ 20 ವರ್ಷದವರೆಗೆ ಜೈಲು ಎನ್ನುತ್ತದೆ ಅದು. ಹೆದರಬೇಡಿ. ಔಷಧದ ಗುರುತು ಒತ್ತುವ ಕಳ್ಳ ಅಚ್ಚು 1970ರ ಕಾನೂನಿನಲ್ಲೇ ಅಪರಾಧ. ಐವತ್ತು ವರ್ಷದಿಂದ ನೀವು ಅದರ ಪಕ್ಕದಲ್ಲೇ ಓಡಾಡಿಕೊಂಡಿದ್ದೀರಿ. ಈ ಮಸೂದೆಯೂ ಒಂದಕ್ಕಿಂತ ಹೆಚ್ಚು ಸಲ ಸದನದ ಮೆಟ್ಟಿಲು ಹತ್ತಿದೆ. ಅದು ಪಾಸಾದರೆ ನನಗಂತೂ ಖುಷಿಯೇ.

ಆದರೆ ‘ಉದ್ದೇಶ’ ಎಂಬ ಆ ಪದ ನಿಮ್ಮ ಹಳೆಯ ಗೆಳೆಯ. ಚಕ್ಕುಲಿ ಒರಳಿಗೆ ಬಿಲ್ಲೆ ಬದಲಿಸಿದರೆ ಚಕ್ಕುಲಿಯ ಜಾಗದಲ್ಲಿ ಖಾರಸೇವೆ ಇಳಿಯುತ್ತದಲ್ಲ, ಮಾತ್ರೆ ಒತ್ತುವ ಯಂತ್ರವೂ ಹಾಗೆಯೇ. ಬೆಳಿಗ್ಗೆ ವಿಟಮಿನ್, ಸಂಜೆ ಬಿಲ್ಲೆ ಬದಲಿಸಿ ಆಕ್ಸಿಕೊಡೋನ್, ರಾತ್ರಿ ಆತಂಕದ ಮಾತ್ರೆ ಕ್ಸಾನಾಕ್ಸ್. ಪೊಲೀಸರು ಬಂದಾಗ ಒರಳಿನಲ್ಲಿ ಯಾವ ಬಿಲ್ಲೆ ಇರಬೇಕೆಂಬುದು ನಿಮಗೆ ಗೊತ್ತು.

ನೀವು ಕೈಗೆ ಸಿಗುವವರಲ್ಲ ಎಂಬುದಕ್ಕೆ ಸಾಕ್ಷಿಯಾಗಿ ಅಮೆರಿಕದ ಗಾಯಕ ಪ್ರಿನ್ಸ್ ಅವರ ಕತೆಯೇ ಇದೆ. 2016ರ ಏಪ್ರಿಲ್ 21ರಂದು ಮಿನೆಸೋಟದ ತಮ್ಮ ಮನೆಯಲ್ಲೇ ಸತ್ತರು. ನುಂಗಿದ್ದು ನೋವಿನ ಮಾತ್ರೆ ವೈಕೊಡಿನ್ ಎಂಬ ನಂಬಿಕೆಯಲ್ಲಿ, ಒಳಗಿದ್ದದ್ದು ಫೆಂಟನಿಲ್. ಎರಡು ವರ್ಷ ತನಿಖೆ ನಡೆಯಿತು. ಮಾತ್ರೆ ಬಂದ ದಾರಿ ಸಿಗಲಿಲ್ಲ, ಯಾರ ಮೇಲೂ ಕ್ರಿಮಿನಲ್ ಮೊಕದ್ದಮೆ ಹೂಡಲಿಲ್ಲ. ಜಗತ್ತಿಗೇ ಗೊತ್ತಿದ್ದವನ ಮನೆಗೆ ಮಾತ್ರೆ ಬಂದ ದಾರಿಯೇ ಅಳಿಸಿಹೋದ ಮೇಲೆ, ಪರೀಕ್ಷೆಯ ಹಿಂದಿನ ರಾತ್ರಿ ಫೋನಿನಲ್ಲಿ ಆರ್ಡರ್ ಮಾಡಿದ ಹುಡುಗಿಯ ಜಾಡು ಯಾರು ಹಿಡಿಯುತ್ತಾರೆ? ಫೆಂಟನಿಲ್ ಮಿತಿಮೀರಿದವರ ಉಸಿರು ಮರಳಿಸುವ ನಲಾಕ್ಸೋನ್ ಮೂಗಿನ ಸ್ಪ್ರೇ 2023ರಿಂದ ಅಲ್ಲಿ ಡಾಕ್ಟರ ಚೀಟಿಯಿಲ್ಲದೆ ಸಿಗುತ್ತದೆ. ಪೆನ್ಸಿಲ್ ಡಬ್ಬಿಯ ಪಕ್ಕ ಅದನ್ನೂ ಇಟ್ಟು ಕಳಿಸಬೇಕೇನೋ ಎಂದು ತಾಯಂದಿರು ಯೋಚಿಸುವಂತಾಗಿದ್ದರೆ, ಅದೂ ನಿಮ್ಮ ಕೊಡುಗೆ.

ಒಂದು ಕೋರಿಕೆ. ಮುಂದಿನ ಅಚ್ಚಿನಲ್ಲಿ ‘30’ರ ಬದಲು ಒಳಗಿನ ನಿಜವಾದ ತೂಕ ಕೆತ್ತಿಸಿ. ಅದು ನಿಮಗೂ ಗೊತ್ತಿಲ್ಲವೆಂದರೆ ಆ ಜಾಗ ಖಾಲಿ ಬಿಡಿ.

ಉತ್ತರ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ. ನೀವು ಅಂಚೆಯಲ್ಲಿ ಕಳಿಸಿದ್ದನ್ನು ಒಡೆದು ನೋಡುವ ಧೈರ್ಯ ನನಗಿಲ್ಲ.

ಇಂತಿ,
ಎರಡೆರಡು ಸಲ ಚೀಟಿ ನೋಡಿ ಮಾತ್ರೆ ನುಂಗುವ ಒಬ್ಬ ಕನ್ನಡಿಗ