ನೋಡೋಣ ರಾಯರು

ಪ್ರತಿ ಹಳೆಯ ಕಚೇರಿಯಲ್ಲೂ ಇಂಥವರೊಬ್ಬರು ಇರುತ್ತಾರೆ. ನಿಜವಾದ ಹೆಸರು ಏನೇ ಇರಲಿ, ಇಲ್ಲಿ ‘ನೋಡೋಣ ರಾಯರು’ ಅನ್ನೋಣ. ಕಂಪ್ಯೂಟರ್ ಲೋಕದಲ್ಲಿ ಯಾವ ಕ್ರಾಂತಿಯ ಸುದ್ದಿ ಬಂದರೂ ಅವರದ್ದು ಒಂದೇ ಮಾತು: ‘ನೋಡೋಣ ಬಿಡ್ರೀ.’

ಹಾಗಂತ ಕಂಪ್ಯೂಟರ್ ಗೊತ್ತಿಲ್ಲದವರೇನಲ್ಲ. ಪರದೆ ಕಪ್ಪಾಗಿ ಡಬ್ಬ ಬೀಪ್ ಬೀಪ್ ಅನ್ನತೊಡಗಿದರೆ ಎಲ್ಲರೂ ಓಡುವುದು ಅವರ ಮೇಜಿಗೇ. ರಾಯರು ಡಬ್ಬ ಬಿಚ್ಚಿ, ರ‍್ಯಾಮ್ ಪಟ್ಟಿ ಕಿತ್ತು, ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಉಫ್ ಎಂದು ಊದಿ, ಮತ್ತೆ ಸಿಕ್ಕಿಸುತ್ತಾರೆ. ಯಂತ್ರ ಎದ್ದು ಕೂರುತ್ತದೆ. ಕ್ರಾಂತಿಯ ಒಳಗೆ ರಬ್ಬರ್ ಆಡಿಸಿ ಬಂದವರು ಅದನ್ನು ಅಷ್ಟು ಸುಲಭಕ್ಕೆ ನಂಬುವುದಿಲ್ಲ.

ಅವರ ನೆನಪೋ, ಕಿರಾಣಿ ಅಂಗಡಿಯ ಉದ್ರಿ ಪುಸ್ತಕ. ಕಾಗದವಿಲ್ಲದ ಕಚೇರಿಯ ಕನಸನ್ನು ಅಮೆರಿಕದ ‘ಬಿಸಿನೆಸ್ ವೀಕ್’ ಬಿತ್ತಿದ್ದು 1975ರಲ್ಲಿ. ರಾಯರು ಪ್ರಿಂಟರ್ ಕಡೆ ಬರೀ ಹುಬ್ಬು ಹಾರಿಸುತ್ತಾರೆ. 2004ರಲ್ಲಿ ದಾವೋಸ್‌ನಲ್ಲಿ ಬಿಲ್ ಗೇಟ್ಸ್, ಇನ್ನೆರಡು ವರ್ಷದಲ್ಲಿ ಸ್ಪ್ಯಾಮ್ ಕಾಟ ತೀರುತ್ತದೆ ಅಂದಿದ್ದರು. ‘ನನಗೆ ಲಾಟರಿ ಹೊಡೆದಿದೆ ಅಂತ ಬೆಳಿಗ್ಗೆನೂ ಮೇಲ್ ಬಂತಲ್ರೀ!’

ರಾಯರ ಮೆಚ್ಚಿನ ಕತೆ ಬಾಬ್ ಮೆಟ್‌ಕಾಫ್‌ರದು. ಈಥರ್‌ನೆಟ್ ಕಂಡುಹಿಡಿದವರಲ್ಲಿ ಒಬ್ಬರಾದ ಈ ಮನುಷ್ಯ, 1996ರಲ್ಲಿ ಇಂಟರ್ನೆಟ್ ಕುಸಿದುಬೀಳುತ್ತದೆ ಎಂದು ಅಂಕಣವೊಂದರಲ್ಲಿ ಬರೆದು, ಇಲ್ಲವಾದರೆ ನನ್ನ ಮಾತನ್ನು ನಾನೇ ತಿನ್ನುತ್ತೇನೆ ಎಂದುಬಿಟ್ಟರು. ಕುಸಿಯಲಿಲ್ಲ. 1997ರ ಸಭೆಯೊಂದರಲ್ಲಿ ಅಂಕಣದ ಮಾತುಗಳನ್ನು ಕೇಕ್ ಮೇಲೆ ಬರೆಸಿ ತಿನ್ನುವ ಅವರ ಉಪಾಯಕ್ಕೆ ನೆರೆದವರು ಒಪ್ಪಲಿಲ್ಲ. ಕೊನೆಗೆ ಎಲ್ಲರೆದುರೇ ಅಂಕಣದ ಹಾಳೆಯನ್ನು ಮಿಕ್ಸಿಗೆ ಹಾಕಿ, ನೀರು ಬೆರೆಸಿ ರುಬ್ಬಿ, ನುಂಗಿದರು. ‘ಚಟ್ನಿ ಮಾಡಿ ತಿಂದವರು ಅವರೊಬ್ಬರೇ. ಮಿಕ್ಕವರೆಲ್ಲ ಬಾಕಿ ಉಳಿಸಿಕೊಂಡಿದ್ದಾರೆ’ ಅನ್ನುವಾಗ ರಾಯರ ದನಿಯಲ್ಲಿ ಒಂದಿಷ್ಟು ಗೌರವವೂ ಇರುತ್ತದೆ.

ಸಿಂಪ್ಯೂಟರ್ ಮಾತು ಬಂದರೆ ಮಾತ್ರ ಅವರು ಮೆತ್ತಗಾಗುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಂಟಿನಿಂದ ಹುಟ್ಟಿದ, ಬಡವರ ಅಂಗೈಗೆಂದು ಮಾಡಿದ ಪುಟ್ಟ ಕಂಪ್ಯೂಟರ್. 2001ರಲ್ಲಿ ಅಮೆರಿಕದ ಪತ್ರಿಕೆಗಳೂ ಹೊಗಳಿದವು. ಮಾರಾಟವಾದದ್ದು ಕೆಲವೇ ಸಾವಿರ. ಅದೊಂದು ಭವಿಷ್ಯ ನಿಜವಾಗಲಿ ಎಂದು ರಾಯರೂ ಗುಟ್ಟಾಗಿ ಹರಕೆ ಹೊತ್ತಿದ್ದರೇನೋ.

ಈ ಉದ್ರಿ ಪುಸ್ತಕದಲ್ಲಿ ಕಾಣದ ಬಾಕಿಯೊಂದಿದೆ, ರಾಯರದ್ದೇ. ಐದು ವರ್ಷದಲ್ಲಿ ಟ್ಯಾಬ್ಲೆಟ್ಟೇ ಅಮೆರಿಕದ ಜನಪ್ರಿಯ ಪಿಸಿ ಆಗುತ್ತದೆ ಎಂದು ಗೇಟ್ಸ್ 2001ರಲ್ಲಿ ಹೇಳಿದ್ದು ಹುಸಿಯಾದಾಗ ಅವರು ಮನಸಾರೆ ನಕ್ಕಿದ್ದರು. 2010ರಲ್ಲಿ ಐಪ್ಯಾಡ್ ಬಂದಾಗಲೂ ಅದೇ ನಗು: ‘ಇದನ್ನ ಯಾರ್ರೀ ಕೊಳ್ತಾರೆ?’ ಜನ ಸಾಲುಗಟ್ಟಿ ಕೊಂಡರು. ಆ ಪುಟ ಮಾತ್ರ ರಾಯರು ತಿರುವುವುದಿಲ್ಲ.

ಈಚೆಗೆ ಕಚೇರಿಗೆ ಎಐ ಪಿಸಿ ಬಂದಿದೆ, ಕೀಲಿಮಣೆಯಲ್ಲಿ ಎಐ ಕರೆಯುವ ಕೋಪೈಲಟ್ ಎಂಬ ಹೊಸ ಗುಂಡಿ. ಬಲಗಡೆಯ ಕಂಟ್ರೋಲ್ ಹುಡುಕುತ್ತ ರಾಯರು ದಿನಕ್ಕೆ ನಾಲ್ಕು ಸಲ ಅದನ್ನೇ ಒತ್ತುತ್ತಾರೆ.