ನೀಲಿ, ನೀಲಿ, ಮತ್ತೆ ನೀಲಿ

ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಹುಡುಗ ಎನ್ನುವುದು ಅವನ ಅಮ್ಮನ ಲೆಕ್ಕದಲ್ಲಿ. ವಯಸ್ಸು ಮೂವತ್ತು ದಾಟಿದೆ, ಬೈಕಿನ ಇಎಂಐ ಇನ್ನೂ ದಾಟಿಲ್ಲ. ರಾತ್ರಿ ಹನ್ನೊಂದಾದರೂ ಲ್ಯಾಪ್‌ಟಾಪ್ ಮುಂದೆ ಕೂತು ಎಕ್ಸೆಲ್ ಶೀಟು ತುಂಬುತ್ತಿದ್ದಾನೆ. ಹಾಲಿನ ಲೋಟ ಹಿಡಿದು ಬಂದ ಅಮ್ಮ ಬಗ್ಗಿ ನೋಡುತ್ತಾರೆ.

"ಏನೋ ಅದು, ಇಷ್ಟು ಹೊತ್ತಿನಲ್ಲಿ?"

"ಲೆಕ್ಕ ಬರೀತಿದ್ದೀನಮ್ಮ."

ಅಮ್ಮನ ಕಣ್ಣು ತುಂಬಿ ಬರುತ್ತದೆ. ಹಾಲಿನವನ ಲೆಕ್ಕವನ್ನು ಗೋಡೆ ಕ್ಯಾಲೆಂಡರಿನಲ್ಲಿ ಗೀಚಿಟ್ಟು ಸಂಸಾರ ತೂಗಿಸಿದ ಜೀವ ಅದು. ಅಂತೂ ಮಗನಿಗೆ ಜವಾಬ್ದಾರಿ ಬಂತು ಎಂದು ಮರುದಿನ ಬೆಳಗ್ಗೆಯೇ ಹೆಣ್ಣು ಹುಡುಕಲು ನಾಲ್ಕು ಮನೆಗೆ ಫೋನ್ ಹೋಗುತ್ತದೆ.

ಅಮ್ಮನಿಗೆ ಗೊತ್ತಿಲ್ಲದ್ದು ಒಂದೇ. ಅದು ಮನೆ ಲೆಕ್ಕವಲ್ಲ. ಕೌಂಟರ್-ಸ್ಟ್ರೈಕ್ ಎಂಬ ಗುಂಡು ಹಾರಿಸುವ ಆಟದಲ್ಲಿ ಮಗರಾಯ ಇಲ್ಲಿಯವರೆಗೆ ತೆರೆದ ಪೆಟ್ಟಿಗೆಗಳ ಸಮಗ್ರ ಇತಿಹಾಸ.

ಈ ಪೆಟ್ಟಿಗೆಗಳಿಗೆ ಆಟಗಾರರು ಕೇಸ್ ಎನ್ನುತ್ತಾರೆ. ಒಂದು ಕೇಸು ಮುಗಿಯುವಷ್ಟರಲ್ಲಿ ಇನ್ನೊಂದು ಓಪನ್ ಆಗುವುದು, ಪ್ರತಿ ಕೇಸಿನಲ್ಲೂ ಕಕ್ಷಿದಾರನೇ ಬಡವಾಗುವುದು, ಎಲ್ಲ ಕೋರ್ಟಿನ ಕೇಸಿನ ಹಾಗೆಯೇ. ಆಟದ ಒಡೆಯ ವಾಲ್ವ್ ಕಂಪನಿ ಇದರಲ್ಲಿ ಈ ವ್ಯವಹಾರ ಶುರು ಮಾಡಿದ್ದು 2013ರ ಆಗಸ್ಟ್‌ನಲ್ಲಿ. ಆಡುತ್ತಾ ಹೋದಂತೆ ಪೆಟ್ಟಿಗೆ ಪುಕ್ಕಟೆಯಾಗಿಯೂ ಕೈಗೆ ಬೀಳುತ್ತದೆ. ಬೀಗದ ಕೈಗೆ ಮಾತ್ರ 2.49 ಡಾಲರ್. ಒಳಗಿರುವುದು ಬಂದೂಕಿಗೆ ಹಚ್ಚುವ ಬಣ್ಣ. ಬಣ್ಣ ಹಚ್ಚಿದರೆ ಗುಂಡಿನ ಪೆಟ್ಟು ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ. ಸಾಯುವವನು ಮೊದಲಿನಷ್ಟೇ ಸಾಯುತ್ತಾನೆ.

ಬೀಗ ತೆರೆಯುವ ಆ ಕ್ಷಣವನ್ನು ನೋಡಬೇಕು. ಪರದೆಯ ಮೇಲೆ ಬಂದೂಕುಗಳ ಸಾಲು ಟಕಟಕ ಸದ್ದು ಮಾಡುತ್ತಾ ಬಲದಿಂದ ಎಡಕ್ಕೆ ಓಡುತ್ತದೆ. ಓಟ ನಿಧಾನವಾಗುತ್ತದೆ. ಬಂಗಾರದ ಬಣ್ಣದ ಚೌಕವೊಂದು, ಅಂದರೆ ಅಪರೂಪದ ಚಾಕು, ನಡುಗೆರೆಯ ಹತ್ತಿರಕ್ಕೆ ಬರುತ್ತದೆ, ಕುರ್ಚಿಯಲ್ಲಿ ಕೂತವನು ಉಸಿರು ಬಿಗಿಹಿಡಿಯುತ್ತಾನೆ, ಅದು ಮೆಲ್ಲಗೆ ಗೆರೆ ದಾಟಿ ಮುಂದೆ ಹೋಗುತ್ತದೆ. ನಿಂತದ್ದು ನೀಲಿ, ಅಂದರೆ ತೀರಾ ಸಾಮಾನ್ಯ ಬಂದೂಕು. "ಛೇ, ಒಂದು ಕೂದಲೆಳೆಯಲ್ಲಿ ತಪ್ಪಿತು!" ತಪ್ಪಲಿಲ್ಲ ಮಾರಾಯ. ಕೀಲಿ ತಿರುಗಿಸಿದ ಕೂಡಲೇ ಕಂಪನಿಯ ಸರ್ವರ್ ತೀರ್ಪು ಬರೆದಾಗಿತ್ತು. ಆಮೇಲೆ ಓಡಿದ್ದು ಬರೀ ಮೆರವಣಿಗೆ.

ಆ ತೀರ್ಪು ಯಾವ ಲೆಕ್ಕದ್ದೆಂಬುದು ಹೊರಬಿದ್ದದ್ದು ಚೀನಾದಲ್ಲಿ. 2017ರ ಮೇ 1ರಿಂದ ಅಲ್ಲಿನ ಸರ್ಕಾರ ಇಂಥ ಪೆಟ್ಟಿಗೆಗಳಲ್ಲಿ ಏನು ಎಷ್ಟು ಬರುತ್ತದೆಂದು ಪ್ರಕಟಿಸಲೇಬೇಕು ಎಂದಿತು. ಆಟವನ್ನು ಅಲ್ಲಿ ನಡೆಸುವ ಪರ್ಫೆಕ್ಟ್ ವರ್ಲ್ಡ್ ಕಂಪನಿ ಅದೇ ವರ್ಷ ಅಂಕಿ ಕೊಟ್ಟಿತು: ನೀಲಿ ಶೇ. 79.92, ನೇರಳೆ 15.98, ಗುಲಾಬಿ 3.2, ಕೆಂಪು 0.64, ಚಾಕು-ಕೈಗವಸು 0.26. ಅಂದರೆ ಸರಾಸರಿ 385 ಪೆಟ್ಟಿಗೆಗೆ ಒಂದು ಚಾಕು. ಬರೀ ಬೀಗದ ಕೈಗಳ ಖರ್ಚೇ 958 ಡಾಲರ್ ದಾಟುತ್ತದೆ. ಅಷ್ಟು ಸುರಿದರೆ ಚಾಕು ಖಾತ್ರಿಯೇ ಎಂದರೆ ಅದೂ ಇಲ್ಲ. 385 ಪೆಟ್ಟಿಗೆ ತೆರೆದ ನೂರು ಮಂದಿಯಲ್ಲಿ ಸುಮಾರು 37 ಮಂದಿ ಬರಿಗೈಯಲ್ಲೇ ಏಳುತ್ತಾರೆ.

ಈಗ ನಮ್ಮ ಹುಡುಗನ ಶೀಟಿಗೆ ಬನ್ನಿ. ಆಟ ಆಡಲು ಬೇಕಾದ, ವಾಲ್ವ್‌ನದೇ ಆದ ಸ್ಟೀಮ್ ಖಾತೆಯಲ್ಲಿ ಇನ್ವೆಂಟರಿ ಹಿಸ್ಟರಿ ಎಂಬ ಪುಟವಿದೆ. ಪ್ರತಿ ಪೆಟ್ಟಿಗೆಗೂ ಅಲ್ಲಿ ದಿನಾಂಕ, ಸಮಯ ಸಮೇತ ನಮೂದು: ಮೈನಸ್ ಪೆಟ್ಟಿಗೆ, ಮೈನಸ್ ಬೀಗದ ಕೈ, ಪ್ಲಸ್ ನೀಲಿ ಬಂದೂಕು. ಪುಟದ ತಳಕ್ಕೆ ಬಂದರೆ ಇನ್ನಷ್ಟು ಇತಿಹಾಸ ತೋರಿಸುವ ಗುಂಡಿ. ಒತ್ತಿದಷ್ಟೂ ಇತಿಹಾಸ ಬರುತ್ತದೆ, ದುಡ್ಡು ಮಾತ್ರ ಬರುವುದಿಲ್ಲ. ಅದರ ಲೆಕ್ಕ ಇರುವುದೇ ಬೇರೆ ಪುಟದಲ್ಲಿ. ಆ ಪುಟಕ್ಕೆ ಅವನು ಹೋಗುವುದಿಲ್ಲ. ಮದುವೆ ಮನೆಯಲ್ಲಿ ಸಾಲ ಕೊಟ್ಟವನು ಎದುರಾದರೆ ಊಟದ ಪಂಕ್ತಿ ಬದಲಿಸುವುದಿಲ್ಲವೇ, ಹಾಗೆ.

ಶೀಟಿನ ಸಾರಾಂಶ ಹೀಗಿದೆ ಎನ್ನೋಣ: ತೆರೆದದ್ದು 120. ನೀಲಿ 97, ನೇರಳೆ 19, ಗುಲಾಬಿ 4, ಕೆಂಪು ಸೊನ್ನೆ, ಚಾಕು ಸೊನ್ನೆ. ಚೀನಾದ ಅಂಕಿಗಳ ಪಕ್ಕಕ್ಕಿಟ್ಟರೆ ಕಂಪನಿ ಹೇಳಿದ ಹಾಗೆಯೇ ನಡೆದುಕೊಂಡಿದೆ. ಇಷ್ಟು ಪ್ರಾಮಾಣಿಕವಾಗಿ ಯಾರೂ ಯಾರಿಗೂ ಟೋಪಿ ಹಾಕಿಲ್ಲ. ಆದರೆ ಹುಡುಗ ಓದುವುದೇ ಬೇರೆ: "120 ಆಯ್ತು, ಚಾಕು ಬಂದಿಲ್ಲ. ಅಂದ್ರೆ ಇನ್ನೇನು ಬರ್ಲೇಬೇಕು." ಪೆಟ್ಟಿಗೆಗೆ ನೆನಪಿಲ್ಲ. 121ನೆಯದಕ್ಕೆ ಹಿಂದಿನ 120ರ ಪರಿಚಯವೂ ಇಲ್ಲ, ದಾಕ್ಷಿಣ್ಯವೂ ಇಲ್ಲ. ನೆನಪಿರುವುದು ಇವನಿಗೆ, ಅದನ್ನು ಅಚ್ಚುಕಟ್ಟಾಗಿ ಬರೆದಿಟ್ಟವನೂ ಇವನೇ.

ಇದೇ ಬಗೆಯ ಅದೃಷ್ಟದಾಟವಾದ ಲಾಟರಿಯನ್ನು ಕರ್ನಾಟಕ 2007ರಲ್ಲಿ ನಿಷೇಧಿಸಿತು. ಅದಕ್ಕೂ ಮುಂಚೆ ಬಸ್ ಸ್ಟ್ಯಾಂಡುಗಳಲ್ಲಿ ಲಾಟರಿ ಕೊಂಡವರಿಗೆ ಒಂದು ವಿವೇಕವಿತ್ತು: ಸೋತ ಟಿಕೆಟನ್ನು ಅಲ್ಲೇ ಹರಿದು ಬಿಸಾಡುತ್ತಿದ್ದರು. ಅದನ್ನು ಮನೆಗೆ ಒಯ್ದು, ಬಣ್ಣದ ಪ್ರಕಾರ ಜೋಡಿಸಿ, ಶೇಕಡಾವಾರು ತೆಗೆದು, ಗೆಳೆಯರಿಗೆ ಗ್ರಾಫ್ ತೋರಿಸಿದವರು ಯಾರೂ ಇರಲಿಲ್ಲ.

ಈ ಪೆಟ್ಟಿಗೆಗಳನ್ನು ಲಾಟರಿ ಎಂದರೆ ಆಟದ ಉದ್ಯಮಕ್ಕೆ ಕೋಪ. 2019ರಲ್ಲಿ ಬ್ರಿಟನ್ನಿನ ಸಂಸದೀಯ ಸಮಿತಿಯ ಮುಂದೆ ಕೂತ ಇಎ ಎಂಬ ಆಟದ ಕಂಪನಿಯ ಅಧಿಕಾರಿ, ಇಂಥ ಪೆಟ್ಟಿಗೆಯನ್ನು ನಾವು ಲೂಟ್ ಬಾಕ್ಸ್ ಎನ್ನುವುದಿಲ್ಲ, ಸರ್‌ಪ್ರೈಸ್ ಮೆಕ್ಯಾನಿಕ್ಸ್ ಎನ್ನುತ್ತೇವೆ ಎಂದರು. ಲೂಟಿ ಎಂಬ ನಮ್ಮ ಮಾತನ್ನೇ ಇಂಗ್ಲಿಷಿನವರು ಒಯ್ದು ಲೂಟ್ ಮಾಡಿಕೊಂಡಿದ್ದರು. ಅಪರೂಪಕ್ಕೆ ಸರಿಯಾದ ಜಾಗದಲ್ಲಿ ಕೂತಿದ್ದ ಆ ಪದವನ್ನೂ ಎಬ್ಬಿಸಿದರು. ಬೆಲ್ಜಿಯಂ 2018ರಲ್ಲೇ ಇದು ಜೂಜು ಎಂದು ಬಾಗಿಲು ಹಾಕಿತು. ಫ್ರಾನ್ಸಿನ ಆಟಗಾರರಿಗೆ 2019ರಲ್ಲಿ ವಾಲ್ವ್ ಎಕ್ಸ್-ರೇ ಯಂತ್ರ ಕೊಟ್ಟಿತು. ಪೆಟ್ಟಿಗೆಯಲ್ಲಿ ಏನಿದೆ ಎಂದು ಮೊದಲೇ ನೋಡಬಹುದು; ಆದರೆ ನೋಡಿದ್ದನ್ನು ಕೊಳ್ಳದೆ ಮುಂದಿನ ಪೆಟ್ಟಿಗೆಯನ್ನು ಎಕ್ಸ್-ರೇಗೆ ಇಡುವಂತಿಲ್ಲ. ಗುಟ್ಟು ಬಯಲಾಯಿತು, ವ್ಯಾಪಾರ ಉಳಿಯಿತು.

ಬೇಡದ ನೀಲಿಯನ್ನು ಮಾರಬಹುದಲ್ಲ ಎನ್ನುತ್ತೀರಾ? ಮಾರಬಹುದು. ಸ್ಟೀಮ್ ಮಾರುಕಟ್ಟೆಯಲ್ಲಿ ಕಂಪನಿಯ ಪಾಲು ಶೇ. 15. ಉಳಿದ ಪುಡಿಗಾಸು ಕಂಪನಿಯ ವಾಲೆಟ್‌ನಲ್ಲೇ ಕೂರುತ್ತದೆ, ಬ್ಯಾಂಕಿಗೆ ಬರುವುದಿಲ್ಲ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆಗೆ ಇಷ್ಟು ಸ್ಪಷ್ಟವಾದ ಉದಾಹರಣೆ ಬೇರೆ ಸಿಗದು.

ಇದೇ ಆಟದಲ್ಲಿ ಸ್ಟ್ಯಾಟ್‌ಟ್ರ್ಯಾಕ್ ಎಂಬ ಬಂದೂಕುಗಳಿವೆ. ಅವುಗಳ ಮೈಮೇಲೊಂದು ಪುಟ್ಟ ಮೀಟರು. ಆ ಬಂದೂಕಿನಿಂದ ನೀವು ಕೊಂದ ಎದುರಾಳಿಗಳನ್ನು ಅದು ಕಿತ್ತಳೆ ಬಣ್ಣದ ಅಂಕಿಯಲ್ಲಿ ಎಣಿಸಿ ತೋರಿಸುತ್ತದೆ. ಎಣಿಸುವ ವಿದ್ಯೆ ಕಂಪನಿಗೆ ಬಾರದ್ದೇನಲ್ಲ. ಬೀಗದ ಕೈ ಕೊಳ್ಳುವ ಗುಂಡಿಯ ಪಕ್ಕ ಮಾತ್ರ ಆ ಮೀಟರು ಕೂತಿಲ್ಲ.

ಆದ್ದರಿಂದ ಶೀಟು ಬರೆಯುವ ಬಂಧುಗಳಲ್ಲಿ ಒಂದು ಅರಿಕೆ. ಬರೆಯುವುದನ್ನು ನಿಲ್ಲಿಸಬೇಡಿ. ಇನ್ನೊಂದೇ ಒಂದು ಕಾಲಂ ಸೇರಿಸಿ: ಕೊಟ್ಟ ದುಡ್ಡು. ನಮ್ಮ ಹುಡುಗನದು 298 ಡಾಲರ್ 80 ಸೆಂಟ್, ಸುಮಾರು ಕಾಲು ಲಕ್ಷ ರೂಪಾಯಿ. ಒಟ್ಟು ಹಾಕಿ, ಅಡಿಗೆರೆ ಎಳೆದು, ಹಾಲು ತರುವ ಅಮ್ಮನಿಗೆ ಒಮ್ಮೆ ತೋರಿಸಿ. ಮರುದಿನದಿಂದ ಹಾಲು ನಿಂತರೂ ನಿಲ್ಲಬಹುದು; ಪೆಟ್ಟಿಗೆ ತೆರೆಯುವುದಂತೂ ಖಂಡಿತ ನಿಲ್ಲುತ್ತದೆ.